ಡ್ರಾಪ್ಸ್ ಹಾಕುತ್ತಲೇ ಇದ್ದರೂ ಕಣ್ಣಿನ ಕೆಂಪು ಯಾಕೆ ಹೋಗುತ್ತಿಲ್ಲ?

ಪ್ರಶ್ನೆ: ಎರಡು ತಿಂಗಳಿಂದ ಎರಡೂ ಕಣ್ಣು ಕೆಂಪಗಿವೆ, ಉರಿಯುತ್ತವೆ. ಬೆಳಿಗ್ಗೆ ಎದ್ದಾಗ ಇನ್ನೂ ಜಾಸ್ತಿ. ಆ್ಯಂಟಿಬಯೋಟಿಕ್ ಡ್ರಾಪ್ಸ್ ಬದಲಾಯಿಸಿದ್ದೂ ಆಯಿತು. ಇನ್ನೂ ಜೋರಾದ ಔಷಧಿ ಬೇಕೇ?

ಉತ್ತರ: ಬಹುಶಃ ಬೇಡ. ಬ್ಯಾಕ್ಟೀರಿಯಾದ ಕಣ್ಣುಬೇನೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ, ವೈರಸ್‌ನದು ಎರಡು ಮೂರು ವಾರ ಕಾಡಬಹುದು. ಎರಡು ತಿಂಗಳಾಗಿದೆ ಎಂದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಕನ್ನಡಿಯಲ್ಲಿ ರೆಪ್ಪೆಯ ಅಂಚು ನೋಡಿಕೊಳ್ಳಿ. ಎವೆಗಳ, ಅಂದರೆ ರೆಪ್ಪೆಗೂದಲಿನ, ಬುಡದಲ್ಲಿ ತಲೆಹೊಟ್ಟಿನಂಥ ಪುಡಿ ಅಂಟಿದ್ದರೆ, ಅಂಚು ದಪ್ಪಗಾಗಿ ಕೆಂಪಗಿದ್ದರೆ, ಅದು ಬ್ಲೆಫರೈಟಿಸ್, ಅಂದರೆ ರೆಪ್ಪೆಯ ಉರಿಯೂತ ಇರಬಹುದು. ರೆಪ್ಪೆಯೊಳಗೆ ಸಾಲಾಗಿ ಮೈಬೋಮಿಯನ್ ಎಂಬ ಎಣ್ಣೆ ಗ್ರಂಥಿಗಳಿವೆ, ಮೇಲ್ರೆಪ್ಪೆಯಲ್ಲೇ 30ರ ಆಸುಪಾಸು. ಅವುಗಳ ಜಿಡ್ಡು ಕಣ್ಣೀರಿನ ಮೇಲೆ ತೆಳುವಾಗಿ ಹರಡಿ ಅದು ಬೇಗ ಆರದಂತೆ ನೋಡಿಕೊಳ್ಳುತ್ತದೆ. ಜಿಡ್ಡು ಗಟ್ಟಿಯಾಗಿ ಗ್ರಂಥಿಯ ಬಾಯಿ ಕಟ್ಟಿದರೆ ಕಣ್ಣು ಒಣಗಿ ಉರಿಯುತ್ತದೆ. ಹನಿ ಔಷಧಿ ಆ ಜಿಡ್ಡನ್ನು ಕರಗಿಸದು, ಶಾಖ ಕರಗಿಸುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು, ಚರ್ಮ ಸುಡದಷ್ಟು ಬಿಸಿ ಇರುವಾಗ, ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಇಡಿ. ಆರಿದರೆ ಮತ್ತೆ ಅದ್ದಿ. ಆಮೇಲೆ ರೆಪ್ಪೆಯನ್ನು ಎವೆಯ ಕಡೆಗೆ ಮೆಲ್ಲಗೆ ನೀವಿ, ಅಂಚು ಒರೆಸಿ. ದಿನಕ್ಕೆರಡು ಸಲ, ವಾರಗಟ್ಟಲೆ ಮಾಡಬೇಕು. ಬೇಸರದ ಕೆಲಸವೇ, ಆದರೆ ನಾಲ್ಕು ದಿನಕ್ಕೆ ಬಿಟ್ಟರೆ ಫಲ ಕಾಣುವುದಿಲ್ಲ.

ಡ್ರಾಪ್ಸ್ ಮೇಲೆಯೂ ಅನುಮಾನ ಇರಲಿ. ಅನೇಕ ಬಾಟಲಿಗಳಲ್ಲಿ ಕೆಡದಂತೆ ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ತಿಂಗಳುಗಟ್ಟಲೆ ಬಿದ್ದರೆ ಕಣ್ಣನ್ನೇ ಕೆರಳಿಸಬಹುದು. ಕೆಂಪು ಇಳಿಸುವ ನಾಫಜೋಲಿನ್‌ನಂಥ ಡ್ರಾಪ್ಸ್ ರಕ್ತನಾಳಗಳನ್ನು ಕುಗ್ಗಿಸುತ್ತವೆ. ಪ್ರಭಾವ ಇಳಿದಾಗ ನಾಳಗಳು ಮತ್ತೆ ಹಿಗ್ಗಿ ಕೆಂಪು ಮರಳುತ್ತದೆ. ನನಗೆ ನಿಜಕ್ಕೂ ಭಯವಿರುವುದು ಸ್ಟೀರಾಯ್ಡ್ ಡ್ರಾಪ್ಸ್ ಬಗ್ಗೆ. ಕಣ್ಣು ಬೇಗ ತಿಳಿಯಾಗುತ್ತದೆ, ಹಾಗಾಗಿ ಮನೆಯಲ್ಲಿ ಉಳಿದ ಬಾಟಲಿ ಮತ್ತೆ ಮತ್ತೆ ಕೈಗೆ ಬರುತ್ತದೆ. ಅಷ್ಟರಲ್ಲಿ ಸದ್ದಿಲ್ಲದೆ ಕಣ್ಣಿನ ಒತ್ತಡ ಏರಿ, ದೃಷ್ಟಿಯ ನರವನ್ನು ಕೆಡಿಸುವ ಗ್ಲಕೋಮಾ ಆಗಬಹುದು, ಹರ್ಪಿಸ್ ಎಂಬ ವೈರಸ್‌ನ ಸೋಂಕಿದ್ದರೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಹುಣ್ಣು ಉಲ್ಬಣಿಸಬಹುದು. ವೈದ್ಯರು ಬರೆಯದೆ ಅದನ್ನು ಹಾಕಲೇಬೇಡಿ. ಅವರೇ ಕೊಟ್ಟಿದ್ದರೆ ಕೇಳದೆ ನಿಲ್ಲಿಸಲೂ ಬೇಡಿ.

ತುರಿಕೆಯೇ ಹೆಚ್ಚಿದ್ದರೆ ಅಲರ್ಜಿ ಇರಬಹುದು. ಅಂಟು ಗೀಜು ವಾರಗಳಾದರೂ ನಿಲ್ಲದಿದ್ದರೆ ಕ್ಲಮೈಡಿಯಾ ಎಂಬ, ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾದ ಪರೀಕ್ಷೆ ಬೇಕು, ಅದಕ್ಕೆ ಮಾತ್ರೆಯೇ ಚಿಕಿತ್ಸೆ.

ಆಳದಿಂದ ನೋವು ಬರುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಲೆನ್ಸ್ ತೆಗೆದಿಡಿ. ಯುವೈಟಿಸ್ (ಕಣ್ಣಿನೊಳಗಿನ ಉರಿಯೂತ), ಸ್ಕ್ಲೆರೈಟಿಸ್ (ಕಣ್ಣಿನ ಬಿಳಿಭಾಗದ ಉರಿಯೂತ), ಕಾರ್ನಿಯಾದ ಸೋಂಕು ತಡಮಾಡಿದರೆ ದೃಷ್ಟಿಗೇ ಕುತ್ತು. ಹೋಗುವಾಗ ಈವರೆಗೆ ಹಾಕಿದ ಬಾಟಲಿಗಳನ್ನೆಲ್ಲ, ಖಾಲಿಯಾದದ್ದನ್ನೂ ಸೇರಿಸಿ, ಒಯ್ಯಿರಿ.