ಕೊಕ್ಕರೆ ಬೆಳ್ಳೂರಲ್ಲಿ ಹುಣಸೆಮರ ಯಾರ ಪಾಲು?

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಮೊದಲ ಸಲ ಹೋದವರು ಪಕ್ಷಿಧಾಮ ಎಲ್ಲಿ ಅಂತ ಕೇಳುತ್ತಾರೆ. ನೀವು ನಿಂತಿರುವ ಬೀದಿಯೇ ಅದು. ಕಾಡಿಲ್ಲ, ಬೇಲಿಯಿಲ್ಲ. ಮನೆ, ಹಿತ್ತಲು, ತಿಪ್ಪೆ, ನಡುನಡುವೆ ಹುಣಸೆ, ಅರಳಿ, ಬಸರಿ. ಹೆಜ್ಜಾರ್ಲೆಯೂ (ಪೆಲಿಕನ್) ಬಣ್ಣದ ಕೊಕ್ಕರೆಯೂ ಗೂಡು ಕಟ್ಟುವುದು ಆ ಮರಗಳ ಮೇಲೆ, ಮತ್ತು ಅವುಗಳಲ್ಲಿ ಎಷ್ಟೋ ಮರಗಳು ಯಾರದೋ ಹಿತ್ತಲಿನವು. ತಕರಾರು ಶುರುವಾಗುವುದೇ ಇಲ್ಲಿ.

ಊರು ಮೊದಲು ಶಿಂಷಾ ನದಿಗೆ ಇನ್ನೂ ಹತ್ತಿರ ಇತ್ತಂತೆ. 1916ರ ಸುಮಾರಿಗೆ ಪ್ಲೇಗ್ ಬಂದಾಗ ಜನ ಜಾಗ ಬದಲಿಸಿದರು, ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಹೇಳುತ್ತಾ ಬಂದಿದ್ದಾರೆ. ನಂಬುವುದು ಕಷ್ಟವೇನಲ್ಲ. ಗೂಡಿಗೆ ದೊಡ್ಡ ಮರ ಬೇಕು, ಮರಿಗಳಿಗೆ ಮೀನು ಬೇಕು. ಮೀನಿಗೆ ಶಿಂಷಾ ಇದೆ, ಸುತ್ತ ಕೆರೆಗಳಿವೆ. ಹೆರಿಗೆಗೆ ತವರಿಗೆ ಬರುವ ಮಗಳು ಅಂತ ಊರವರು ಹಕ್ಕಿಯನ್ನು ಕರೆಯುತ್ತಾರೆ. ಹಿಕ್ಕೆ ಗದ್ದೆಗೆ ಗೊಬ್ಬರ.

ಆದರೆ ತವರಿನವರಿಗೂ ಖರ್ಚಿದೆ, ಅಲ್ವಾ? ಹುಣಸೆ ಹಣ್ಣಾಗುವುದು ಬೇಸಿಗೆ ಶುರುವಾಗುವ ಹೊತ್ತಿಗೆ, ಗೂಡಿನಲ್ಲಿ ಮರಿ ಇರುವುದೂ ಆಗಲೇ. ಹಣ್ಣು ಉದುರಿಸಬೇಕಂದರೆ ಮರ ಹತ್ತಿ ಕೊಂಬೆ ಬಡಿಯಬೇಕು, ಬಡಿದರೆ ಮರಿ ಬೀಳುತ್ತದೆ, ಬಿಟ್ಟರೆ ಆ ವರ್ಷದ ಹುಣಸೆ ದುಡ್ಡು ಹೋಯಿತು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಈ ಊರಿನ ಹಕ್ಕಿಗಳ ಬಗ್ಗೆ ಹೊರಗಿನವರ ಗಮನ ಸೆಳೆದರು. ಆಮೇಲೆ ಗೂಡಿರುವ ಹುಣಸೆಮರಕ್ಕೆ ಇಲಾಖೆ ಪರಿಹಾರ ಕೊಡತೊಡಗಿತು. ದುಡ್ಡು ಕಮ್ಮಿ, ಅದೂ ತಡ ಅನ್ನುವ ಗೊಣಗಾಟ ಇದ್ದೇ ಇದೆ. ನನ್ನನ್ನು ಕೇಳಿದರೆ ಅದು ನ್ಯಾಯವಾದ ಗೊಣಗಾಟವೇ: ಊರಿಗೆ ಹೆಸರು ತಂದ ಮರದ ಬಾಡಿಗೆ ಅದು, ದಾನವಲ್ಲ. 1994ರಲ್ಲಿ ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು ಬಿದ್ದ ಮರಿಗಳನ್ನು ಎತ್ತಿ ಸಾಕತೊಡಗಿದರು.

ಖಾಸಗಿ ಜಾಗವನ್ನು ಅಭಯಾರಣ್ಯ ಮಾಡುವುದು ಸುಲಭವಲ್ಲ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ 'ಸಮುದಾಯ ಮೀಸಲು' ಅನ್ನುವ, ಜಾಗ ಜನರದೇ ಆಗಿದ್ದೂ ವನ್ಯಜೀವಿಗೆ ರಕ್ಷಣೆ ಕೊಡುವ, ದಾರಿ ತೆರೆಯಿತು, 2007ರಲ್ಲಿ ಬೆಳ್ಳೂರಿಗೆ ಆ ಪಟ್ಟ ಸಿಕ್ಕಿತು.

ಆದರೆ ಹಕ್ಕಿಯ ಊಟ ಮೀಸಲಿನ ಗಡಿಯೊಳಗಿಲ್ಲ. 2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು, ಹೊಟ್ಟೆಯಲ್ಲಿ ಸಿಕ್ಕಿದ್ದು ಜಂತುಹುಳು. ಅದು ಹಕ್ಕಿಯ ಹೊಟ್ಟೆ ಸೇರುವುದು ಮೀನಿನಿಂದ. ಮರ ಕಾಯಲು ಬೆಳ್ಳೂರಿನವರಿಗೆ ಪರಿಹಾರ ಕೊಡಬಹುದು, ಸುತ್ತಲ ಕೆರೆಗಳ ನೀರನ್ನು ಕಾಯಬೇಕಾದವರು ಮಾತ್ರ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಇಲಾಖೆಗಳಲ್ಲಿ ಇದ್ದಾರೆ.