ಐಡ್ಲಿಂಗ್ ‘ನಿಲ್ಲೋದು’ ಅಂದರೇನು?

ಮೂಡಿಗೆರೆ, ಬೇಲೂರು, ಸಕಲೇಶಪುರ ಕಡೆಯ ಯಾವ ಗ್ಯಾರೇಜಿಗೆ ಹೋದರೂ ಈ ದೂರು ಕಿವಿಗೆ ಬೀಳುತ್ತದೆ: ‘ಪಿಕಪ್ಪು ಐಡ್ಲಿಂಗ್ ನಿಲ್ತಾ ಇಲ್ಲ, ನಿಂತು ಹೋಗುತ್ತೆ.’ ನಿಲ್ತಾ ಇಲ್ಲವಂತೆ, ನಿಂತೂ ಹೋಗುತ್ತದಂತೆ! ಹೊರಗಿನವರಿಗೆ ತಮಾಷೆ ಅನ್ನಿಸಬಹುದು. ನಮಗೆ ಗೊಂದಲವೇ ಇಲ್ಲ. ಮೊದಲನೆಯ ‘ನಿಲ್ಲು’ ಅಂದರೆ ತನ್ನ ಕಾಲ ಮೇಲೆ ತಾನು ನಿಲ್ಲುವುದು. ಎರಡನೆಯದು ಆಫ್ ಆಗುವುದು.

ಆಕ್ಸಿಲರೇಟರ್ ಮೇಲೆ ಕಾಲಿಡದೆ, ಗೇರ್ ನ್ಯೂಟ್ರಲ್‌ನಲ್ಲಿದ್ದಾಗ ಇಂಜಿನ್ ತಾನಾಗಿ ತಿರುಗುವುದೇ ಐಡ್ಲಿಂಗ್. ಡೀಸೆಲ್ ಪಿಕಪ್ಪುಗಳಲ್ಲಿ ಇದು ಸುಮಾರಾಗಿ ನಿಮಿಷಕ್ಕೆ 750ರಿಂದ 850 ಸುತ್ತು. ಆಗ ಉರಿಯುವ ಡೀಸೆಲ್ ಗಾಡಿ ಎಳೆಯುವುದಕ್ಕಲ್ಲ. ಇಂಜಿನ್ನು ತನ್ನದೇ ಉಜ್ಜಾಟ ಮೀರಿ, ಆಯಿಲ್ ಪಂಪು, ವಾಟರ್ ಪಂಪು, ಆಲ್ಟರ್ನೇಟರ್ ತಿರುಗಿಸುವುದಕ್ಕೇ ಅದು ಸರಿಹೋಗುತ್ತದೆ.

ಹಾಗಾಗಿ ಐಡ್ಲಿಂಗ್ ಅಂದರೆ ಇಂಜಿನ್ನಿನ ವಿಶ್ರಾಂತಿ ಅಂದುಕೊಳ್ಳಬೇಡಿ. ಅದು ತೀರಾ ಬಡತನದ ಹೊತ್ತು. ನಾಲ್ಕು ಸಿಲಿಂಡರಿನ ಇಂಜಿನ್ 800 ಸುತ್ತಿನಲ್ಲಿದ್ದಾಗ ಸೆಕೆಂಡಿಗೆ ಸುಮಾರು 27 ಸಲ ಉರಿ ಹೊಡೆಯುತ್ತದೆ, 2,400ರಲ್ಲಿ 80 ಸಲ. ಇಂಜಿನ್ನಿನ ತುದಿಯಲ್ಲಿ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಕೂಡಿಟ್ಟುಕೊಂಡ ಶಕ್ತಿಯಂತೂ 2,400ರಲ್ಲಿ ಇರುವುದರ ಒಂಬತ್ತನೇ ಒಂದು ಪಾಲು ಮಾತ್ರ. ಓಡುವಾಗ ಒಂದೆರಡು ಉರಿ ತಪ್ಪಿದರೆ ಗೊತ್ತೇ ಆಗುವುದಿಲ್ಲ. ಐಡ್ಲಿಂಗ್‌ನಲ್ಲಿ ತಪ್ಪಿದರೆ ಗಾಡಿ ನಡುಗುತ್ತದೆ, ಆಮೇಲೆ ಆಫ್.

ಇದನ್ನು ನಿಲ್ಲಿಸಿ ಹಿಡಿಯುವವರು ಯಾರು? ಹಳೆ ಡೀಸೆಲ್ ಗಾಡಿಗಳಲ್ಲಿ ಡೀಸೆಲ್ ಪಂಪಿನೊಳಗಿನ ಗವರ್ನರ್. ಸುತ್ತು ಇಳಿದರೆ ಅದು ಡೀಸೆಲ್ ಜಾಸ್ತಿ ಬಿಡುತ್ತದೆ, ಏರಿದರೆ ಕಡಿಮೆ ಮಾಡುತ್ತದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳಿಗೆಲ್ಲ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಕಾಮನ್ ರೇಲ್ ಗಾಡಿಗಳಲ್ಲಿ ಅದೇ ಕೆಲಸವನ್ನು ಸೆನ್ಸಾರ್ ನೋಡಿಕೊಂಡು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಮಾಡುತ್ತದೆ.

ನನಗೆ ಈ ಪದದ ಪಾಠವಾಗಿದ್ದು ಒಂದು ಕಾಫಿ ಕುಯ್ಲಿನಲ್ಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪಿಕಪ್ಪು ಎರಡು ನಿಮಿಷ ಓಡಿ, ಗುಳುಗುಳು ಅಂದು ಆಫ್. ಮೂರ್ನಾಲ್ಕು ಸಲ ಹೀಗಾಗಿ, ಆಮೇಲೆ ಇಡೀ ದಿನ ಸರಿ. ಒಬ್ಬರು ಡೀಸೆಲ್ ಫಿಲ್ಟರ್ ಬದಲಿಸಿದರು. ಇನ್ನೊಬ್ಬರು ‘ರೇಸ್ ಸ್ವಲ್ಪ ಏರಿಸಿದೀನಿ’ ಅಂದು ಐಡ್ಲಿಂಗ್ ಸ್ಕ್ರೂ ತಿರುವಿ ಕಳಿಸಿದರು. ನಾಲ್ಕು ದಿನ ಸುಮ್ನಿತ್ತು, ಐದನೇ ದಿನ ಮತ್ತೆ ಅದೇ ಕಥೆ. ರೇಸ್ ಏರಿಸುವುದು ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟ ಹಾಗೆ, ಅಷ್ಟೇ.

ಕೊನೆಗೆ ಬೇಲೂರು ರಸ್ತೆಯ ಒಬ್ಬ ಹಿರಿಯ ಮೆಕ್ಯಾನಿಕ್ ಬಾನೆಟ್ ಕೂಡ ಎತ್ತದೆ ಕೇಳಿದರು: ‘ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀರ ಸಾರ್?’

ಮನೆ ಮುಂದಿನ ಏರಿನಲ್ಲಿ, ಮೂತಿ ಮೇಲೆ ಮಾಡಿ ಅಂದೆ.

‘ಹಂಗಾದ್ರೆ ಏರ್ ಎಳೀತಿದೆ.’

ಡೀಸೆಲ್ ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನಲ್ಲಿ ಎಳೆತ ಇರುತ್ತದೆ, ಒತ್ತಡ ಇರುವುದಿಲ್ಲ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಮೂತಿ ಮೇಲಾಗಿ ನಿಂತ ಗಾಡಿಯಲ್ಲಿ ರಾತ್ರಿಯಿಡೀ ಡೀಸೆಲ್ ಟ್ಯಾಂಕಿಗೆ ಇಳಿದು, ಆ ಜಾಗಕ್ಕೆ ಗಾಳಿ ಬಂದು ಕೂರುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನಾಝಲ್‌ಗೆ ಬೇಕಾದ ಒತ್ತಡ ಏರುವುದೇ ಇಲ್ಲ. ಫಿಲ್ಟರ್‌ನಲ್ಲಿ ಉಳಿದ ಡೀಸೆಲ್ ಮುಗಿಯುವ ತನಕ ಓಡಿ, ಗಾಳಿ ಬಂದ ಕೂಡಲೇ ಇಂಜಿನ್ ಆಫ್. ಅವರು ಫಿಲ್ಟರ್‌ಗೆ ಬರುವ ಕಡೆ ಒಂದು ಪಾರದರ್ಶಕ ಪೈಪ್ ಸಿಕ್ಕಿಸಿ ಸ್ಟಾರ್ಟ್ ಮಾಡಿದರು. ಸೋಡಾದಲ್ಲಿ ಏಳುವ ಹಾಗೆ ಗುಳ್ಳೆಗಳು ಸಾಲಾಗಿ ಬಂದವು. ಒಣಗಿ ಬಿರಿದಿದ್ದ ಗೇಣುದ್ದದ ರಬ್ಬರ್ ಪೈಪು, ಎರಡು ಕ್ಲಿಪ್ಪು ಬದಲಿಸಿ, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದರು. ರೇಸ್ ಸ್ಕ್ರೂವನ್ನೂ ಹಳೆ ಜಾಗಕ್ಕೆ ತಂದರು.

ಹಾಗಂತ ಎಲ್ಲ ಗಾಡಿಗೂ ಇದೇ ರೋಗ ಅಲ್ಲ. ಫಿಲ್ಟರ್ ಕಟ್ಟಿದ್ದರೆ ಸಾಮಾನ್ಯವಾಗಿ ಲೋಡ್ ಹೇರಿ ಏರು ಹತ್ತುವಾಗ ಮೊದಲು ಎಳೆತ ಬಿದ್ದುಹೋಗುತ್ತದೆ. ಬರೀ ಐಡ್ಲಿಂಗ್‌ನಲ್ಲಿ ಆಫ್ ಆಗುವ ಗಾಡಿಗೆ ಫಿಲ್ಟರನ್ನೇ ಮೊದಲು ದೂರುವುದು ನನಗಂತೂ ಸರಿ ಕಾಣುವುದಿಲ್ಲ. ಡೀಸೆಲ್‌ನಲ್ಲಿ ನೀರು ಸೇರಿದ್ದರೆ ಫಿಲ್ಟರ್ ಬುಡದ ಡ್ರೈನ್ ಬಿಟ್ಟು ನೋಡಬಹುದು. ಈಚಿನ ಗಾಡಿಗಳಲ್ಲಿ ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್‌ಗೆ ಮಸಿ ಕಟ್ಟಿ, ತೆರೆದೇ ಉಳಿಯುವುದುಂಟು. ಆಗ ಆ ಹೊಗೆ ಮಿತಿಮೀರಿ ಒಳಗೆ ಹೋಗಿ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ನಡುಗುತ್ತದೆ, ರೇಸ್ ಕೊಟ್ಟರೆ ಕಪ್ಪು ಹೊಗೆ ಬಿಡುತ್ತದೆ. ಬಿಚ್ಚಿ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ.

ನಾಝಲ್ ಸೋರಿಕೆಗೆ ರಿಟರ್ನ್ ಟೆಸ್ಟ್ ಇದೆ. ಪ್ರತಿ ನಾಝಲ್‌ನಿಂದ ವಾಪಸ್ ಬರುವ ಡೀಸೆಲ್ಲನ್ನು ಬೇರೆ ಬೇರೆ ಬಾಟಲಿಗೆ ಹಿಡಿದು ನೋಡುತ್ತಾರೆ. ಒಂದೇ ಬಾಟಲಿ ಬೇಗ ತುಂಬಿದರೆ ಕಳ್ಳ ಸಿಕ್ಕ ಹಾಗೆ. ಹಳೆ ಇಂಜಿನ್ನಿನಲ್ಲಿ ಓಡುತ್ತಿರುವಾಗಲೇ ನಾಝಲ್ ಪೈಪಿನ ನಟ್ ಸಡಿಲ ಮಾಡಿ, ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅಂತ ಹುಡುಕುತ್ತಿದ್ದರು. ಕಾಮನ್ ರೇಲ್‌ನಲ್ಲಿ ಇದನ್ನು ಮಾಡಲೇಬಾರದು. ಐಡ್ಲಿಂಗ್‌ನಲ್ಲೂ ಅಲ್ಲಿ ನೂರಾರು ಬಾರ್ ಒತ್ತಡ ಇರುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅಲ್ಲಿ ಸ್ಕ್ಯಾನರ್ ಹಾಕಿ ನೋಡುವುದೇ ದಾರಿ.

ಪೆಟ್ರೋಲ್ ಗಾಡಿಯದು ಬೇರೆ ಲೆಕ್ಕ. ಇಂಜಿನ್ನಿಗೆ ಗಾಳಿ ಅಳೆದು ಬಿಡುವ ಥ್ರಾಟಲ್ ಬಾಡಿಗೆ ಕಿಟ್ಟ ಕಟ್ಟಿರುವುದು, ಅದಕ್ಕೂ ಇಂಜಿನ್ನಿಗೂ ನಡುವೆ ಎಲ್ಲೋ ಗಾಳಿ ಒಳಗೆ ಸೋರುವುದು, ಹಳೆಯದಾದ ಪ್ಲಗ್ಗು. ಹೆಚ್ಚಿನ ಸಲ ಇಷ್ಟರಲ್ಲೇ ಉತ್ತರ ಸಿಗುತ್ತದೆ.

‘ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಿದ್ರಾಯ್ತು ಬಿಡು’ ಅನ್ನುವವರಿದ್ದಾರೆ. ಊರೊಳಗೆ ಸರಿ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಹಾಗಲ್ಲ. ಗೇರ್‌ನಲ್ಲಿ ಇರುವ ತನಕ ಚಕ್ರವೇ ಇಂಜಿನ್ನನ್ನು ತಿರುಗಿಸುತ್ತಿರುತ್ತದೆ. ತಿರುವಿನಲ್ಲಿ ಗೇರ್ ಇಳಿಸಲು ಕ್ಲಚ್ ಒತ್ತಿದ ಗಳಿಗೆಯಲ್ಲೇ ಅದು ಐಡ್ಲಿಂಗ್‌ಗೆ ಬಿದ್ದು ಆಫ್ ಆಗುವುದು. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಇಂಜಿನ್ನಿನಿಂದಲೇ ತಿರುಗುತ್ತದೆ, ಒಂದೆರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೇರಿಂಗ್ ಕೂಡ ಹಾಗೆಯೇ ಬಿಗಿ. ಆ ಪೈಪ್ ಬದಲಿಸುವ ತನಕ ನಾನು ಘಾಟಿಗೆ ಗಾಡಿ ಇಳಿಸಲಿಲ್ಲ. ಮಂಗಳೂರಿನ ಲೋಡು ಎರಡು ದಿನ ಅಂಗಳದಲ್ಲೇ ಕೂತಿತ್ತು.