ಮಲಿನಾ ಯಾರು, ಕಲಿನಾ ಯಾರು? ಸ್ಮೆತನಾನ ‘ತಾಯೆಮ್‌ಸ್ತ್ವೀ’ ಕುರಿತು ಟಿಪ್ಪಣಿ

‘ತಾಯೆಮ್‌ಸ್ತ್ವೀ’ ಎಂದರೆ ಗುಟ್ಟು. ಚೆಕ್ ಸಂಗೀತ ಸಂಯೋಜಕ ಸ್ಮೆತನಾನ ಮೂರು ಅಂಕಗಳ ಹಾಸ್ಯ ಆಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ. ಸಾಹಿತ್ಯ ಎಲಿಷ್ಕಾ ಕ್ರಾಸ್ನೊಹೊರ್ಸ್ಕಾ ಅವರದು. ಮೊದಲ ಪ್ರದರ್ಶನ ಪ್ರಾಗ್‌ನಲ್ಲಿ, 1878ರ ಸೆಪ್ಟೆಂಬರ್ 18ರಂದು. ಸ್ಮೆತನಾ 1874ರಲ್ಲೇ ಪೂರ್ತಿ ಕಿವುಡಾಗಿದ್ದರಿಂದ ಇಷ್ಟು ಲವಲವಿಕೆಯ ಈ ಸಂಗೀತ ಅವನ ಕಿವಿಗೆ ಬಿದ್ದೇ ಇಲ್ಲ.

ಎಡವುವುದು ಹೆಸರುಗಳಲ್ಲಿ. ಜಗಳವಾಡುವ ಯಜಮಾನರಿಬ್ಬರ ಹೆಸರಿಗೆ ಒಂದೇ ಅಕ್ಷರದ ವ್ಯತ್ಯಾಸ. ಮಲಿನಾ ಎಂದೊಡನೆ ನಮಗೆ ಕೊಳೆ ನೆನಪಾಗುತ್ತದೆ, ಚೆಕ್ ಭಾಷೆಯಲ್ಲಿ ಅದು ರಾಸ್ಪ್‌ಬೆರಿ. ಕಲಿನಾ ಕೆಂಪು ಹಣ್ಣು ಬಿಡುವ ಒಂದು ಪೊದೆ. ಹೀಗೆ ನೆನಪಿಡಿ: ‘ಮ’ ಅಂದರೆ ಮಗಳು, ‘ಕ’ ಅಂದರೆ ಕಾಡು. ಮಲಿನಾನ ಮಗಳು ಬ್ಲಝೆಂಕಾ. ಕಲಿನಾನ ಮಗ ವೀತ್ ಕಾಡು ಕಾಯುವವನು. ಕಥೆಯಲ್ಲಿ ಬರುವ, ನಿಧಿಯ ಸುಳಿವಿರುವ ಕಾಗದ ಸೇರುವುದೂ ‘ಕ’ದ ಕೈಗೇ. ಧ್ವನಿಮುದ್ರಿಕೆ ಮಾತ್ರ ಕೇಳುತ್ತಿದ್ದರೆ ಕಂಠ ಗುರುತಿಟ್ಟುಕೊಳ್ಳಿ: ಮಲಿನಾ ಬೇಸ್ (ಗಂಡಸಿನ ಅತಿ ತಗ್ಗಿನ ದನಿ), ಕಲಿನಾ ಬ್ಯಾರಿಟೋನ್ (ಅದಕ್ಕಿಂತ ತುಸು ಮೇಲಿನದು).

ಇನ್ನೊಂದು ತೊಡಕು: ಹಗೆ ಹೊಲಮನೆಯದಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಕಲಿನಾ, ಮಲಿನಾನ ಒಡಹುಟ್ಟಿದ ರೋಜಾಳನ್ನು ಪ್ರೀತಿಸಿದ್ದ. ಬಡವನೆಂದು ಮಲಿನಾ ಮನೆಯವರು ಹೆಣ್ಣು ಕೊಡಲಿಲ್ಲ. ಅವನು ಬೇರೊಬ್ಬಳನ್ನು ಮದುವೆಯಾದ, ಈಗ ವಿಧುರ. ಅಂದರೆ ಇಲ್ಲಿ ಎರಡು ಜೋಡಿ: ಏರು ದನಿಯ ಸೊಪ್ರಾನೊ–ಟೆನರ್ ಎಳೆಯರದು (ಬ್ಲಝೆಂಕಾ, ವೀತ್), ತಗ್ಗು ದನಿಯ ಕಾಂಟ್ರಾಲ್ಟೊ–ಬ್ಯಾರಿಟೋನ್ ಹಳಬರದು (ರೋಜಾ, ಕಲಿನಾ). ಎರಡನೆಯದನ್ನು ಮರೆತರೆ ಕೊನೆಯ ಅಂಕ ಬರೀ ತಮಾಷೆಯಾಗಿ ಕಾಣುತ್ತದೆ.

ಉಳಿದದ್ದು ಸರಳ. ಸನ್ಯಾಸಿ ಬರ್ನಬಾಷ್ ಬಿಟ್ಟುಹೋದ ಕಾಗದ ಮುದುಕ ಸಿಪಾಯಿ ಬೊನಿಫಾಟ್ಸ್‌ಗೆ ಸಿಗುತ್ತದೆ. ಅವನಿಂದ ಅದು ಕಲಿನಾನ ಕೈಸೇರುತ್ತದೆ, ಯಾರಿಗೂ ಹೇಳಬೇಡ ಎಂದು ಕಲಿನಾ ಅವನಿಂದ ಆಣೆ ಹಾಕಿಸುತ್ತಾನೆ. ಅದು ಬಾಯಿಂದ ಬಾಯಿಗೆ ಹೋಗಿ, ಗಂಟೆ ಬಾರಿಸುವವನು ಗೋಪುರದಿಂದ ಕೂಗುವಷ್ಟರಲ್ಲಿ ಊರಿಗೆಲ್ಲ ಗೊತ್ತು. ಎರಡನೇ ಅಂಕ ಬೆಜ್‌ದ್ಯೆಜ್ ಬೆಟ್ಟದಲ್ಲಿ. ಉತ್ತರ ಬೊಹೀಮಿಯಾದ ಈ ಬೆಟ್ಟ ನಿಜವಾದದ್ದೇ, ಮೇಲೆ 13ನೇ ಶತಮಾನದ ಪಾಳುಕೋಟೆಯಿದೆ. ನಿಧಿಯಾಸೆಗೆ ಕಲಿನಾ ಅಲ್ಲಿ ಸುರಂಗ ಹೊಕ್ಕುತ್ತಾನೆ. ಮೂರನೇ ಅಂಕದಲ್ಲಿ ಮಲಿನಾನ ಮನೆಯ ಒಲೆಯ ಕಡೆಯಿಂದ ಬಡಿತ ಕೇಳಿಸುತ್ತದೆ. ದೆವ್ವವೆಂದು ಎಲ್ಲರೂ ನಡುಗುತ್ತಾರೆ, ಹೊರಬರುವವನು ಕಲಿನಾ. ಸುರಂಗ ಮುಟ್ಟಿಸಿದ್ದು ರೋಜಾ ಇರುವ ಈ ಮನೆಗೇ, ನಿಧಿ ಅವಳೇ. ಮಲಿನಾನ ಮುಂದೆ ನಿಂತು ತನಗೆ ರೋಜಾಳನ್ನೂ ಮಗನಿಗೆ ಬ್ಲಝೆಂಕಾಳನ್ನೂ ಕೇಳುತ್ತಾನೆ.

ಈ ಎರಡು ಮದುವೆಗಳ ನಂಟು ಇಂಗ್ಲಿಷ್ ಸಾರಾಂಶ ಓದಿದರೆ ತಲೆ ತಿರುಗುತ್ತದೆ, ನಮ್ಮ ಲೆಕ್ಕದಲ್ಲಿ ಸಲೀಸು. ರೋಜಾ ಬ್ಲಝೆಂಕಾಳ ಸೋದರತ್ತೆ. ಅವಳು ಕಲಿನಾನ ಕೈ ಹಿಡಿದ ಮೇಲೆ ವೀತ್‌ಗೆ ಮಲತಾಯಿ. ಆಗ ಮಲಿನಾ ಅವನಿಗೆ ಸೋದರಮಾವನೂ ಹೌದು, ಹೆಣ್ಣು ಕೊಟ್ಟ ಮಾವನೂ ಹೌದು.